ಘಾಟ್ ಹತ್ತುವ ಉಸಿರು

ಪುಟ್ಟ ರೈಲು ಖಂಡಾಳಾ ಸ್ಟೇಷನ್ನಿನಲ್ಲಿ ನಿಂತಿತ್ತು. ಅದರ ಸದ್ದು ಮಾತ್ರ ಇನ್ನೂ ಜೋರಾಗಿ ಓಡುತ್ತಿತ್ತು.

ಇಂದೂಗೆ ನಗು ತಡೆಯಲಾಗಲಿಲ್ಲ. "ಗಾಡಿ ಬಂದು ನಿಂತದ, ಸಪ್ಪಳ ಇನ್ನೂ ಘಾಟಿನ ಕೆಳಗ ಕರ್ಜತ್ ದಾಟಿಲ್ಲ ನೋಡು," ಎಂದು ತಂಗಿ ನೀತಾಳ ಕಿವಿಯಲ್ಲಿ ಅಂದಳು.

ಪ್ಲೈವುಡ್ ಗುಡ್ಡದ ಕೆಳಗಿನಿಂದ ಒಂದು ತಲೆ ಮೇಲೆದ್ದಿತು. ಕೂದಲಲ್ಲಿ ಥರ್ಮಾಕೋಲಿನ ಚೂರು, ಕೈಯಲ್ಲಿ ಬಿಸಿ ಸೋಲ್ಡರಿಂಗ್ ಕಡ್ಡಿ.

"ನಗೂದು ಸಸಾರ ಅದರಿ. ಸರಿ ಮಾಡೂದು ತ್ರಾಸ್."

"ಸರಿ ಮಾಡೂದೇ ನನ್ನ ಕೆಲಸ," ಅಂದಳು ಇಂದೂ, ಒಂದು ಹೆಜ್ಜೆಯೂ ಹಿಂದೆ ಸರಿಯದೆ. "ಕಾಡಪ್ಪ ಕಾಕಾ ಅದಕ್ಕೇ ನನ್ನ ಕರಿಸ್ಯಾರ."

1999ರ ಗಣೇಶ ಚೌತಿಗೆ ಹದಿನೈದು ದಿನ ಉಳಿದಿತ್ತು. ಯೆರವಡಾದ ಕನ್ನಡಿಗರ ಮಂಡಳದವರು ಆ ವರ್ಷ ಗಣಪತಿಯ ಮುಂದೆ ಕಟ್ಟುವ ದೃಶ್ಯಕ್ಕೆ, ಅಂದರೆ ದೇಖಾವಾಕ್ಕೆ, ಘಾಟ್ ಹತ್ತುವ ಉಗಿಬಂಡಿಯನ್ನು ಆರಿಸಿದ್ದರು. ಮಂಡಳದ ಅಧ್ಯಕ್ಷ, ಕಿರಾಣಿ ಅಂಗಡಿಯ ಕಾಡಪ್ಪನಿಗೆ ಅದು ಪುಣೆಯೆಲ್ಲ ಬಂದು ನೋಡುವಂತಿರಬೇಕಿತ್ತು. ಹಳಿ, ಸುರಂಗ, ರೈಲು ಎಲ್ಲ ಕಟ್ಟಿದವನು ಸಿದ್ದಾರೂಢ. ರಾಂಜಣಗಾಂವದ ಟಿ.ವಿ. ಕಾರ್ಖಾನೆಯಲ್ಲಿ ಟೆಸ್ಟಿಂಗ್ ಕೆಲಸ. ಮೊದಲ ಶಿಫ್ಟ್ ಮುಗಿಸಿ, ಕಂಪನಿ ಬಸ್ಸಿನಿಂದ ಇಳಿದವನೇ ನೇರ ಪೆಂಡಾಲಿಗೆ ಬರುತ್ತಿದ್ದ. ಇಂದೂ ಖಡಕಿಯವಳು. ಸದಾಶಿವ ಪೇಟೆಯ ಒಂದು ಸ್ಟುಡಿಯೋದಲ್ಲಿ ರೇಡಿಯೋ ನಾಟಕಗಳಿಗೆ ಸದ್ದು ಕೂಡಿಸುತ್ತಿದ್ದಳು. ಕಿರ್ರೆನ್ನುವ ಬಾಗಿಲು, ಓಡುವ ಕುದುರೆ, ಸುರಿಯುವ ಮಳೆ ಎಲ್ಲ ಅವಳ ಕೈಯಲ್ಲಿ ಹುಟ್ಟುತ್ತಿದ್ದವು.

"ಕ್ಯಾಸೆಟ್ ತನ್ನ ಪಾಡಿಗೆ ತಾ ಓಡ್ತದ," ಸಿದ್ದಾರೂಢ ಒಪ್ಪಿಕೊಂಡ. "ಗಾಡಿ ಕರೆಂಟನ್ನೇ ಟೇಪಿನ ಮೋಟರಿಗೂ ಕೊಟ್ಟು ನೋಡಿದೆ. ನಿಧಾನ ಆದ್ರ ಎಮ್ಮಿ ಒದರಿದಂಗ ಆಗ್ತದ. ಜೋರಾದ್ರ ಇಲಿ ಚೀರಿದಂಗ."

"ಯಾಕಂದ್ರ ನೀವು ದನಿ ಎಳ್ಯಾಕತ್ತೀರಿ. ಓಡೋ ಮನಷ್ಯಾನ ದನಿ ಬದಲಾಗ್ತದೇನ್ರಿ? ಉಸಿರು ಎಷ್ಟು ಸಲ ಬಿಡ್ತಾನ ಅನ್ನೂದು ಬದಲಾಗ್ತದ. ಇಂಜಿನ್ನೂ ಹಂಗ. ಗಾಲಿ ಒಂದು ಸುತ್ತು ತಿರುಗಿದ್ರ ನಾಲ್ಕು ಉಸಿರು. ನಿಧಾನ ತಿರುಗಿದ್ರ ನಿಧಾನ, ಜೋರ್ ತಿರುಗಿದ್ರ ಜೋರ್."

ಸಿದ್ದಾರೂಢ ಕಡ್ಡಿಯನ್ನು ಕೆಳಗಿಟ್ಟು ಅವಳನ್ನು ಸರಿಯಾಗಿ ನೋಡಿದ. ಬೇಕಾದದ್ದಕ್ಕಿಂತ ತುಸು ಹೆಚ್ಚೇ ಹೊತ್ತು ನೋಡಿದ. ನೀತಾ ಕೆಮ್ಮಿದಳು.

"ಗಾಲಿಗೆ ನಾಲ್ಕು ಸಣ್ಣ ಮ್ಯಾಗ್ನೆಟ್ ಅಂಟಿಸ್ತೀನಿ," ಅಂದ ಅವಸರದಿಂದ. "ಒಂದೊಂದು ಸ್ವಿಚ್ಚಿನ ಮುಂದ ಹಾದಾಗ ಒಂದು ಉಸಿರು. ಹಾಡೋ ಗ್ರೀಟಿಂಗ್ ಕಾರ್ಡಿನಾಗ ಇರ್ತದಲ್ರಿ, ಅಂಥಾ ಚಿಪ್ ನನ್ನ ಹತ್ರ ಅದ. ನೀವು ಒಂದು ಉಸಿರು ತಂದು ಕೊಡ್ರಿ."

"ಒಂದೇ ಸಾಕಾ?"

"ಛಲೋ ಇದ್ರ ಒಂದೇ ಸಾಕ್ರಿ."

ಮಾತು ರೈಲಿನದೇ. ಆದರೂ ರಿಕ್ಷಾದಲ್ಲಿ ಮನೆಗೆ ಹೋಗುವಾಗ ಇಂದೂ ಅದನ್ನು ಎರಡು ಸಲ ನೆನೆದು, ತಂಗಿಗೆ ಕಾಣದಂತೆ ನಕ್ಕಳು.

ಮೂರನೆಯ ದಿನ ಉಸಿರು ತಂದಳು. ಸಿದ್ದಾರೂಢ ಅದನ್ನು ಚಿಪ್ಪಿಗೆ ತುಂಬಿ ರೆಗ್ಯುಲೇಟರ್ ತಿರುಗಿಸಿದ. ಛು... ಛು... ಛು... ರೈಲು ಹಳಿಯನ್ನು ಕಚ್ಚಿಕೊಂಡು ಏರತೊಡಗಿತು. ಏರು ಕಡಿದಾದಲ್ಲಿ ಗಾಲಿ ತಡವರಿಸಿದರೆ ಸದ್ದೂ ತಡವರಿಸಿತು. ಅವನು ಸ್ಪೀಕರಿಗೆ ಕಿವಿ ಹಚ್ಚಿದ.

"ಇದು ಎಲ್ಲೀ ಇಂಜಿನ್ ರೀ?"

"ಖಡಕಿದು."

"ಖಡಕಿನಾಗ ಉಗಿ ಇಂಜಿನ್ ಎಲ್ಲಿ ಅದ?"

ಇಂದೂ ತುಟಿ ಚೂಪು ಮಾಡಿ ಅವನ ಕಡೆ ಒಮ್ಮೆ ಊದಿದಳು. ಛುಫ್!

ತಂತಿ ಬ್ರಷ್ಷನ್ನು ತಗಡಿಗೆ ಉಜ್ಜಿದ ಸದ್ದೊಂದು, ಅದರ ಕೆಳಗೆ ಅವಳದೇ ಉಸಿರು ಎಂದು ಸಿದ್ದಾರೂಢನಿಗೆ ತಿಳಿಯಿತು. ಅವನ ಕಿವಿ ಕೆಂಪಾಯಿತು, ರೆಗ್ಯುಲೇಟರ್ ಮೇಲಿದ್ದ ಕೈ ಜಾರಿತು. ರೈಲು ಜೋರಾಯಿತು. ಉಸಿರೂ ಜೋರಾಯಿತು. ಇಬ್ಬರೂ ಅದನ್ನು ಕೇಳುತ್ತ ನಿಂತುಬಿಟ್ಟರು.

"ಸಾವಕಾಶ ರೀ," ಅಂದಳು ಇಂದೂ ನಗುತ್ತ. "ಹಿಂಗ ಓಡಿದ್ರ ಘಾಟಿನಾಗ ಬೀಳ್ತೀವಿ."

'ಬೀಳ್ತೀವಿ' ಅಂದದ್ದನ್ನು ಅವನು ಗಮನಿಸಿದ. ಅವನು ಗಮನಿಸಿದ್ದನ್ನು ಅವಳೂ ಗಮನಿಸಿದಳು.

ಆಮೇಲೆ ದಿನವೂ ಸಂಜೆ ಏನಾದರೊಂದು ನೆವ ಸಿಗುತ್ತಿತ್ತು. ಇಳಿಜಾರಿನಲ್ಲಿ ಡ್ರೈವರ್ ಉಗಿ ಮುಚ್ಚುತ್ತಾನೆ, ಅಲ್ಲಿ ಬರೀ ಗಾಲಿಯ ಟಕಟಕ ಇರಬೇಕು ಎಂದು ಅವಳು ಹಟ ಹಿಡಿದಳು. ಅವನು ಗುಡ್ಡದ ನೆತ್ತಿಯ ಹಳಿಯ ಕೆಳಗೆ ಇನ್ನೊಂದು ಸ್ವಿಚ್ ಕೂರಿಸಿದ. ಅವಳು ಹೆಡ್‌ಫೋನ್ ಹಾಕಿ ಕಣ್ಣು ಮುಚ್ಚಿದಾಗ ಅವನು ನೋಡುತ್ತಿದ್ದ. ಅವಳು ಕಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ.

ಚೌತಿಯ ಸಂಜೆ ಪೆಂಡಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ರೈಲು ಸುರಂಗದಿಂದ ಹೊರಬಂದು ಕೊನೆಯ ಏರಿನಲ್ಲಿ ಏದುಸಿರು ಬಿಡತೊಡಗಿದಾಗ ಗದ್ದಲ ತಾನಾಗಿ ನಿಂತಿತು. ಯಾರೋ ಮುದುಕಿ ಮರಾಠಿಯಲ್ಲಿ, "ಚಲ್ ಬಾಳಾ, ಚಲ್," ಎಂದು, ಮಗುವನ್ನು ನಡೆಸುವಂತೆ, ರೈಲನ್ನು ಬೇಡಿಕೊಂಡಳು. ನೆತ್ತಿ ಮುಟ್ಟಿ ಉಸಿರು ಅಡಗಿ, ಗಾಲಿಗಳು ಹಗುರಾಗಿ ಉರುಳಿದಾಗ ಜನ ಹೋ ಎಂದರು. ಕಾಡಪ್ಪ ಸಿದ್ದಾರೂಢನ ಬಾಯಿಗೆ ಮೋದಕ ತುರುಕಿದ.

ಆ ಗದ್ದಲದಲ್ಲೇ ಇಂದೂ ಹೇಳಿದಳು. "ಬರೋ ರವಿವಾರ ನನ್ನ ನೋಡಾಕ ಸೋಲಾಪುರದವರು ಬರ್ತಾರ."

ಅವನ ಮುಖದ ಹಿಗ್ಗು ಆರಿತು. "ಛಲೋ ಆತಲ್ರಿ."

"ಏನು ಛಲೋ?"

"ನಿಮ್ಮಪ್ಪ ಆಫೀಸಿನಾಗ ಹೆಡ್ ಕ್ಲರ್ಕ್. ನಮ್ಮವ್ವ ಸೇಡಂದಿಂದ ಬಂದು, ಇಟ್ಟಂಗಿ ಹೊತ್ತು ನನ್ನ ಐಟಿಐ ಓದಿಸ್ಯಾಳ. ಈಗೂ ಹೊರತಾಳ."

"ನಿಮ್ಮವ್ವನ ಕೆಲಸ ನಾ ಕೇಳಲಿಲ್ಲ. ನಿಮ್ಮ ಮನಸು ಕೇಳಿದೆ."

ಅವನು ಆಗಲೇ ಬಿಗಿಯಾಗಿದ್ದ ಸ್ಕ್ರೂ ಒಂದನ್ನು ಮತ್ತೆ ಬಿಗಿ ಮಾಡತೊಡಗಿದ. ಇಂದೂ ಒಂದು ಗಳಿಗೆ ಕಾದು ಹೊರಟುಹೋದಳು.

ಎರಡು ದಿನ ಸಿಟ್ಟಿತ್ತು. ಮೂರನೆಯ ದಿನ ಸಿಟ್ಟು ಕರಗಿ ಲೆಕ್ಕ ಸ್ಪಷ್ಟವಾಯಿತು: ಅವನಿಗೆ ಮನಸ್ಸಿಲ್ಲದ್ದಲ್ಲ, ಧೈರ್ಯವಿಲ್ಲದ್ದು. ತನ್ನಲ್ಲಿ ಇಬ್ಬರಿಗಾಗುವಷ್ಟು ಇದೆ. ಶನಿವಾರ ಅಪ್ಪ ಮಲಕಪ್ಪನ ಮುಂದೆ ಕೂತು ಎಲ್ಲ ಹೇಳಿದಳು.

"ಅಂವ ನಿನ್ನ ಕೇಳ್ಯಾನೇನು?" ಅಂದ ಅಪ್ಪ.

"ಇಲ್ಲ. ನಾನೇ ಕೇಳ್ತೀನಿ."

ಕೂಲಿಯವರ ಮನೆ ಎಂಬುದು ಮಲಕಪ್ಪನಿಗೆ ಸೇರಲಿಲ್ಲವೆಂದು ಮುಖದಲ್ಲೇ ಕಾಣುತ್ತಿತ್ತು. ಆದರೂ ಫೋನ್ ಎತ್ತಿ, ಸೋಲಾಪುರದವರಿಗೆ ಈಗ ಬರಬೇಡಿರೆಂದು ಹೇಳಿದ. "ನಿನ್ನ ಮಾತು ಗೊತ್ತಾತು. ಅವನ ಮಾತು ತಗೊಂಡು ಬಾ. ಆಮ್ಯಾಲ ನಾ ಅವನ್ನ ನೋಡ್ತೀನಿ."

ರವಿವಾರ ಬೆಳಿಗ್ಗೆ ಯೆರವಡಾದ ಓಣಿಯಲ್ಲಿ ಸಿದ್ದಾರೂಢನ ಅವ್ವ ಸಾವಂತ್ರವ್ವ ಬಾಗಿಲಲ್ಲೇ ರೊಟ್ಟಿ ಬಡಿಯುತ್ತಿದ್ದಳು. "ಯಾರವ್ವ ನೀ?"

"ನಿಮ್ಮ ಮಗನ್ನ ಕೇಳಾಕ ಬಂದೀನ್ರಿ."

ಸಾವಂತ್ರವ್ವನ ಕೈ ಹಿಟ್ಟಿನ ಮೇಲೇ ನಿಂತಿತು. ಒಳಗಿನಿಂದ ಸಿದ್ದಾರೂಢ ಓಡಿಬಂದ. ಅರ್ಧ ಗಡ್ಡ ಬೋಳಿಸಿತ್ತು, ಇನ್ನರ್ಧ ನೊರೆಯಲ್ಲಿತ್ತು.

"ಸೋಲಾಪುರದವರು..."

"ಬರಂಗಿಲ್ಲ. ಈಗ ನೀವು ಹೇಳ್ರಿ. ಬ್ಯಾಡ ಅಂದ್ರ ಬಂದ ದಾರಿಲೆ ಹೊಳ್ಳಿ ಹೋಗ್ತೀನಿ."

ಅವನು ಅವ್ವನ ಮುಖ ನೋಡಿದ, ಇಂದೂಳ ಮುಖ ನೋಡಿದ. "ಹೋಗಬ್ಯಾಡ್ರಿ," ಅಂದ. ದನಿ ನಡುಗಿತು, ಮಾತು ನಡುಗಲಿಲ್ಲ. "ನನಗ ನೀವ ಬೇಕು. ಹೆದರಿದ್ದೆ. ಇವತ್ತೇ ನಿಮ್ಮಪ್ಪನ ಮುಂದ ನಿಂತು ಇದನ್ನೇ ಹೇಳ್ತೀನಿ."

"ಅರ್ಧ ಗಡ್ಡದಾಗ?" ಅಂದಳು ಇಂದೂ. ಅವಳ ಕಣ್ಣು ತುಂಬಿತ್ತು.

ಸಾವಂತ್ರವ್ವ ಹೆಂಚಿನಿಂದ ರೊಟ್ಟಿ ತೆಗೆದು, ಪುಂಡಿಪಲ್ಯ ಹಚ್ಚಿ ಅವಳ ಕೈಗೆ ಕೊಟ್ಟಳು. "ಮೊದಲ ಉಣ್ಣು. ಅಷ್ಟರಾಗ ನಾ ಸೀರಿ ಉಟ್ಕೊಂಡು ಬರ್ತೀನಿ. ಹೆಣ್ಣು ಕೇಳಾಕ ಬರೇ ಹುಡುಗನ್ನ ಕಳಿಸ್ತಾರೇನು?"

ಖಡಕಿಯ ಬಸ್ಸಿನಲ್ಲಿ ಸಾವಂತ್ರವ್ವ ಮುಂದಿನ ಸೀಟಿನಲ್ಲಿ ಒಬ್ಬಳೇ ಹೋಗಿ ಕೂತು, ಸೆರಗು ಸರಿಮಾಡಿಕೊಂಡು ಕಿಟಕಿಯಾಚೆ ನೋಡತೊಡಗಿದಳು. ಹಿಂದಿನ ಸೀಟಿನಲ್ಲಿ ಇಂದೂ ಸಿದ್ದಾರೂಢನ ಕೈ ಹಿಡಿದಳು. ಖಡಕಿ ಬರುವವರೆಗೂ ಅವನು ಆ ಕೈ ಬಿಡಲಿಲ್ಲ.