ಡ್ರಾಯರಿನಲ್ಲಿದ್ದ ಫೋನು

ಗುರುವಾರ ಬೆಳಿಗ್ಗೆ 11.15ಕ್ಕೆ ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿ ಮಾಲೀಕ ಅಕ್ತರ್ ಠಾಣೆಗೆ ಬಂದು ದೂರು ಬರೆದುಕೊಟ್ಟರು. ಮದುಮಗಳೊಬ್ಬಳಿಗೆ ಸಿದ್ಧವಾಗಿದ್ದ ಕೆಂಪು ಲೆಹೆಂಗಾ ಅಂಗಡಿಯಿಂದ ಮಾಯವಾಗಿತ್ತು. ಎಫ್‌ಐಆರ್ ದಾಖಲಾಯಿತು. ಹಿಂದಿನ ಸಂಜೆ ಅದನ್ನು ಕೊನೆಗೆ ಮುಟ್ಟಿದವನು ಆರಿ ಕಸೂತಿ ಹಾಕಿದ ಸುಗತ ಎಂದು ಮ್ಯಾನೇಜರ್ ಭಾರ್ಗವ್ ಹೇಳಿದ.

ಹೆಡ್ ಕಾನ್‌ಸ್ಟೆಬಲ್ ಸಂಜೀವಪ್ಪನಿಗೆ ಅಷ್ಟೇ ಸಾಕಾಯಿತು. "ಐದು ನಿಮಿಷ ಬಾರಯ್ಯ, ಮಾತಾಡೋದಿದೆ" ಎಂದು ಸುಗತನನ್ನು ರಾಮಮೂರ್ತಿ ನಗರದಿಂದ ಕರೆತಂದ. ಸಂಜೀವಪ್ಪನ ಐದು ನಿಮಿಷ ಸಂಜೆಯಾದರೂ ಮುಗಿಯುವುದಿಲ್ಲ, ಅದು ಠಾಣೆಗೆಲ್ಲ ಗೊತ್ತು! ಬಂದವರ ಫೋನು ಮೊದಲು ಅವನ ಡ್ರಾಯರಿಗೆ ಹೋಗಬೇಕು. ಇಪ್ಪತ್ತೆರಡು ವರ್ಷಗಳ ಅಭ್ಯಾಸ.

"ಒಪ್ಕೊಂಡ್ಬಿಡು, ಮನೆಗ್ ಹೋಗು."

"ನಾನ್ ತಗೊಂಡಿಲ್ಲ ಸಾರ್. ಕಳ್ಳ ಅನ್ನಿಸ್ಕೊಂಡ್ರೆ ಇನ್ಯಾರೂ ನನ್ ಕೈಗೆ ಬಟ್ಟೆ ಕೊಡಲ್ಲ." ಸುಗತ ಕೈಮುಗಿದ.

1.40ಕ್ಕೆ ಸಬ್ ಇನ್‌ಸ್ಪೆಕ್ಟರ್ ಸೀತಾಲಕ್ಷ್ಮಿ ಬಂದರು. "ಇವ್ರನ್ನ ಅರೆಸ್ಟ್ ಮಾಡಿದೀರಾ?"

"ಇಲ್ಲ ಮೇಡಂ, ಸುಮ್ನೆ ವಿಚಾರಣೆ."

"ಹಾಗಾದ್ರೆ ಫೋನ್ ಯಾಕ್ರೀ ಒಳಗಿದೆ? ಕೊಡಿ." ಅವರು ಸುಗತನತ್ತ ತಿರುಗಿದರು. "ನೋಡಿ, ನಿಮ್ಮನ್ನ ಅರೆಸ್ಟ್ ಮಾಡಿಲ್ಲ. ನಿಮ್ಮನ್ನೇ ಸಿಕ್ಕಿಸೋ ಪ್ರಶ್ನೆಗೆ ಉತ್ತರ ಕೊಡ್ಬೇಕಂತಿಲ್ಲ. ವಕೀಲರನ್ನ ಕೇಳ್ಬಹುದು. ಹೋಗ್ತೀನಿ ಅಂದ್ರೆ ಬಾಗಿಲು ತೆಗ್ದಿದೆ. ಬೇಕಾದ್ರೆ ನೋಟಿಸ್ ಕೊಟ್ಟು ಕರೀತೀವಿ."

ಸುಗತ ಇಬ್ಬರ ಮುಖವನ್ನೂ ನೋಡಿದ. ನಂಬಿಕೆ ಬರಲಿಲ್ಲ. ಆಮೇಲೆ ಫೋನು ತೆಗೆದುಕೊಂಡು ಎದ್ದು ಹೊರಟೇಹೋದ.

"ಅಯ್ಯೋ ಮೇಡಂ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ!" ಸಂಜೀವಪ್ಪನಿಗೆ ಸಿಟ್ಟೇ ಬಂದಿತ್ತು.

4.20ಕ್ಕೆ ಸುಗತ ತಾನೇ ವಾಪಸ್ ಬಂದ. ಜೊತೆಗೆ ರಸೆಲ್ ಮಾರ್ಕೆಟ್ ಹಿಂದಿನ ಗಲ್ಲಿಯ ದರ್ಜಿ ಓವೈಸ್.

"ಬೆಳಿಗ್ಗೆ ಒಬ್ರು ಲೆಹೆಂಗಾ ಕೊಟ್ಟು ಸೊಂಟ ಬಿಗಿ ಮಾಡಿ ಅಂದ್ರು ಮೇಡಂ," ಎಂದ ಓವೈಸ್. "ನೋಡಿದ್ರೆ ಸುಗತನ ಕೈಕೆಲಸ! ಒಬ್ರು ಹಾಕಿದ್ ದಾರ ಬಿಚ್ಚೋಕ್ ಮುಂಚೆ ಅವ್ರಿಗೆ ಒಂದ್ ಮಾತು ಹೇಳ್ಬೇಕು, ಅದು ನಮ್ಮ ರಿವಾಜು. ಹನ್ನೆರಡರಿಂದ ಫೋನ್ ಮಾಡ್ತಾನೇ ಇದ್ದೆ, ಎರಡು ಗಂಟೆಗೆ ಇವ್ನೇ ವಾಪಸ್ ಮಾಡೋವರ್ಗೂ ಎತ್ತಲೇ ಇಲ್ಲ."

ಎತ್ತುವುದು ಹೇಗೆ? ಸಂಜೀವಪ್ಪ ತನ್ನ ಡ್ರಾಯರನ್ನು ನೋಡಿದ. ಅವನಿಗೆ ನಾಚಿಕೆಯಾಯಿತು.

"ಕೊಟ್ಟವರ ಹೆಸರು?" ಸೀತಾಲಕ್ಷ್ಮಿ ಕೇಳಿದರು.

"ಚೀಟೀಲಿ ಭಾರ್ಗವ್ ಅಂತ ಬರೆಸಿದಾರೆ."

"ಅಲ್ಲಯ್ಯಾ ಸುಗತ, ನೀನ್ ಮತ್ತೆ ಇಲ್ಲಿಗ್ ಬರೋಕ್ಕೆ ಹೆದರಲಿಲ್ವಾ?" ಎಂದ ಸಂಜೀವಪ್ಪ.

"ಬಾಗಿಲು ತೆಗ್ದಿತ್ತಲ್ಲ ಸಾರ್."

5.30ಕ್ಕೆ ಓವೈಸನ ಅಂಗಡಿಯಲ್ಲಿ ಪಂಚರ ಎದುರು ಪಂಚನಾಮೆ ನಡೆಸಿ ಲೆಹೆಂಗಾ ವಶಪಡಿಸಿಕೊಂಡರು. 6.10ಕ್ಕೆ ಬಂಧನದ ಕಾರಣವನ್ನು ಬರೆದುಕೊಟ್ಟು ಭಾರ್ಗವ್‌ನನ್ನು ಬಂಧಿಸಿದರು. ಸುದ್ದಿ ಕೇಳಿ ಓಡಿಬಂದ ಅಕ್ತರ್ ಸುಗತನ ಎರಡೂ ಕೈ ಹಿಡಿದುಕೊಂಡು, "ಮಾಫ್ ಮಾಡಪ್ಪಾ, ನಾಳೆ ಬಾ, ಹೊಸ ಕೆಲಸ ಇದೆ" ಎಂದರು.

ಠಾಣೆಯಲ್ಲಿ ಸಂಜೀವಪ್ಪ ಭಾರ್ಗವ್‌ನ ಮುಂದೆ ಫೋನು ಇಟ್ಟ. "ಮನೆಯವ್ರಿಗೆ ತಿಳಿಸಿ. ವಕೀಲರನ್ನೂ ಕರೀಬಹುದು. ಹೇಳೋಕ್ಕೆ ಇಷ್ಟ ಇಲ್ದಿದ್ರೆ ಹೇಳ್ಬೇಡಿ."

ಭಾರ್ಗವ್ ತಂಗಿ ಆಶ್ರಿತಾಗೆ ಫೋನ್ ಹಚ್ಚಿದ. ಭಾನುವಾರ ಅವಳ ನಿಶ್ಚಿತಾರ್ಥ. "ಗಂಡಿನ ಕಡೆಯವ್ರು ದೊಡ್ಡೋರು ಕಣೇ. ಅವ್ರೆದುರು ನೀನು ಚಿಕ್ಕವಳಾಗಿ ಕಾಣಬಾರ್ದು ಅಂತ... ಒಂದಿನ ಹಾಕ್ಸಿ ಸೋಮವಾರ ವಾಪಸ್ ಇಡೋಣ ಅನ್ಕೊಂಡೆ. ಪಾಪದವನ ಹೆಸರು ಬೇರೆ ಹೇಳ್ಬಿಟ್ಟೆ." ಅಳು ಒತ್ತರಿಸಿ ಬಂತು.

ಆ ಕಡೆಯ ದನಿ ಸಂಜೀವಪ್ಪನಿಗೂ ಕೇಳಿಸಿತು. "ಅಣ್ಣಾ, ಆ ಬಟ್ಟೆ ಯಾರಿಗ್ ಬೇಕಿತ್ತು? ನನ್ ಪಕ್ಕ ನೀನು ನಿಂತಿದ್ರೆ ಸಾಕಿತ್ತು."

ಸಂಜೀವಪ್ಪ ಭಾರ್ಗವ್‌ನತ್ತ ಬಾಗಿದ. "ನಾಳೆ ಕೋರ್ಟಿಗೆ ಕರ್ಕೊಂಡ್ ಹೋಗ್ತೀವಿ, ಜಾಮೀನು ಕೇಳ್ಬಹುದು ಅಂತ ಹೇಳಿ ಅವ್ರಿಗೆ. ಭಾನುವಾರಕ್ಕೆ ಇನ್ನೂ ಟೈಮಿದೆ."