ನೋವಾಗದ ಸೂಜಿ

ಫೆಬ್ರವರಿ ಹನ್ನೆರಡರ ಬೆಳಿಗ್ಗೆ ಅಕ್ಕಿಆಲೂರಿನ ಅಡಿವೆವ್ವ ಹಾನಗಲ್ ಠಾಣೆಗೆ ಬಂದಳು. ಹದಿನಾರರ ಮಗಳು ಸುಧಾರಾಣಿ ತೀರಿಕೊಂಡು ವಾರವಾಗಿತ್ತು. ಸಣ್ಣವಳಿದ್ದಾಗ ಗಂಟಲಿಗೆ ಹತ್ತಿದ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕು ಕೀಲು ಊದಿಸಿ, ಹೃದಯದ ಕವಾಟ ಕೆಡಿಸಿತ್ತು. ಸೋಂಕು ಮರುಕಳಿಸದಂತೆ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಕೊಡಿಸಬೇಕಿತ್ತು. ತಾಯಿಯೇ ಸೂಜಿ ತಪ್ಪಿಸಿದ್ದಾಳೆ ಎಂದು ದೊಡ್ಡಾಸ್ಪತ್ರೆಯ ಡಾಕ್ಟರು ನೆಂಟರೆದುರೇ ಬೈದಿದ್ದರು.

"ಒಂದೂ ತಪ್ಪಿಸಿಲ್ಲರಿ ಸಾಹೇಬ್ರ. ಅದನ್ನ ಬರದು ಕೊಡ್ರಿ, ಸಾಕು," ಎಂದಳು.

ಇನ್ಸ್‌ಪೆಕ್ಟರ್ ಶಹಾಬುದ್ದೀನ ದೂರು ಬರೆಸಿಕೊಂಡರು. ಸುಧಾರಾಣಿಗೆ ಸೂಜಿ ಮಾಡುತ್ತಿದ್ದವನು ಅಕ್ಕಿಆಲೂರಿನ ಕಾಂಪೌಂಡರ್ ಮಲ್ಲೇಶಪ್ಪ. ಅವನ ಕೈ ಹೂವಿನಂತೆ ಎಂದು ಸುತ್ತಲ ಹಳ್ಳಿಗಳೇ ಹೊಗಳುತ್ತಿದ್ದವು. ಠಾಣೆಯ ಅರ್ಧ ಮಂದಿ, ಸಾಹೇಬರೂ ಸೇರಿ, ಅವನ ಗಿರಾಕಿಗಳೇ.

ಪೇದೆ ವಾಣಿಶ್ರೀ ಕೇಳಿದಳು: "ಸೂಜಿ ಮಾಡಿಸ್ಕೊಂಡ ಮ್ಯಾಲೆ ಹುಡುಗಿ ಕುಂಟತಿದ್ಲೇನವ್ವ?"

"ಮೊದಲ ಹುಬ್ಬಳ್ಳ್ಯಾಗ ಮಾಡಿಸಿದಾಗ ಎರಡು ದಿನ ಕುಂಟತಿದ್ಲು. ಇಲ್ಲೆ ಏನೂ ಇಲ್ಲರಿ."

"ಔಷಧದ ಬಣ್ಣ?"

"ಕೆಂಪ."

ಶಹಾಬುದ್ದೀನ ದೊಡ್ಡಾಸ್ಪತ್ರೆಯ ಡಾಕ್ಟರಿಗೆ ಫೋನು ಮಾಡಿದರು. ಆ ಪೆನಿಸಿಲಿನ್ ಹಾಲಿನಂತೆ ಬಿಳಿ, ಬಲು ನೋವು; ಕೆಂಪಗಿರುವುದು ಶಕ್ತಿಗೆಂದು ಕೊಡುವ ವಿಟಮಿನ್ ಸೂಜಿ ಎಂದು ಗೊತ್ತಾಯಿತು. ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಇಬ್ಬರು ಪಂಚರ ಸಮಕ್ಷಮ ಮಲ್ಲೇಶಪ್ಪನ ಮನೆಯ ಪಂಚನಾಮೆ ನಡೆಯಿತು. ಅಡಿವೆವ್ವ ಪ್ರತಿ ಸಲ ಅಂಗಡಿಯಿಂದ ತಂದುಕೊಟ್ಟ ಪೆನಿಸಿಲಿನ್ ಸೀಸೆಗಳು ಟ್ರಂಕಿನಲ್ಲಿ ಸೀಲು ಒಡೆಯದೆ ಕೂತಿದ್ದವು. ಮಾರಿಕೊಂಡಿದ್ದರೆ ಬೈಯುವುದಾದರೂ ಸುಲಭವಿತ್ತು.

"ಯಾಕ ಕೊಡಲಿಲ್ಲ?" ಎಂದರು ಶಹಾಬುದ್ದೀನ.

"ಹಿಂದ ಒಬ್ಬ ಮುದುಕಗ ಇದನ್ನ ಕೊಟ್ಟಿದ್ದೆರಿ. ಒಗ್ಗಲಿಲ್ಲ, ಅಲ್ಲೇ ಬಿದ್ದು ಒದ್ದಾಡಿದ. ಬದುಕಿದ ಖರೆ, ಆದ್ರ ಅವತ್ತಿನಿಂದ ಆ ಸೀಸೆ ಒಂದೂ ಒಡದಿಲ್ಲರಿ."

"ಬ್ಯಾರೆ ಕಡೆ ಹೋಗ್ರಿ ಅನ್ನಬೇಕಿತ್ತು."

ಮಲ್ಲೇಶಪ್ಪ ತಲೆ ಎತ್ತಲಿಲ್ಲ. "ಊರೆಲ್ಲ ಡಾಕ್ಟ್ರ ಅಂತಾರ್ರಿ. ಅಂಜತೇನಿ ಅನ್ನಾಕ ನಾಚಿಕಿ ಬಂತು."

ಸಂಜೆ ಆರಕ್ಕೆ ಬಂಧನವಾಯಿತು. ಅಷ್ಟು ಸಣ್ಣ ನಾಚಿಕೆಗೆ ಒಂದು ಜೀವ ಹೋಗಿತ್ತು. ಅವನನ್ನು ಜೀಪಿಗೆ ಹತ್ತಿಸುವಾಗ ಶಹಾಬುದ್ದೀನರಿಗೂ ಮುಖ ಕೊಟ್ಟು ನೋಡಲಾಗಲಿಲ್ಲ.

ಸುದ್ದಿ ತಿಳಿಸಲು ವಾಣಿಶ್ರೀಯೇ ಹೋದಳು. ನಿನ್ನ ತಪ್ಪಿಲ್ಲವೆಂದು ಕಾಗದದಲ್ಲೇ ಬರೆದಿದೆ ಎಂದಳು. ಅಡಿವೆವ್ವನಿಗೆ ಸಮಾಧಾನವಾಗಲಿಲ್ಲ.

"ನೋವಾಗಲಿಲ್ಲವ್ವ ಅಂತ ಅಕಿ ನಗತಿದ್ಲು," ಎಂದು ಸೆರಗಿನಿಂದ ಮುಖ ಮುಚ್ಚಿಕೊಂಡಳು. "ನಾ ಪ್ರತಿ ಸಲ ಅವನ ಕೈ ಮುಟ್ಟಿ ಕಣ್ಣಿಗೆ ಒತ್ಕೊಂಡು ಬರತಿದ್ದೆ."