ಕೊನೆಯ ಬೆಂಚಿನವರು

ಮಿರ್ಲಾನ್ ಅವಳ ಅಂಗೈಯಿಂದ ಸೀಮೆಸುಣ್ಣ ಕಿತ್ತುಕೊಂಡು ಕಿಟಕಿಯಾಚೆ ಎಸೆದುಬಿಟ್ಟ.

ಬುರುಲ್ ದಂಗಾಗಿ ನಿಂತಳು. ಬಾಲಾಪರಾಧಿಗಳ ಆ ಸೆರೆಮನೆಯಲ್ಲಿ ಬೇಸಿಗೆ ತರಗತಿಗೆ ಪಾಠ ಹೇಳಲು ಅವಳು ಬಂದ ಮೊದಲ ದಿನ ಅದು. ಕೆಳಗೆ ಬಿದ್ದ ಸೀಮೆಸುಣ್ಣವನ್ನು ಕೊನೆಯ ಬೆಂಚಿನಲ್ಲಿ ಒಬ್ಬನೇ ಕೂತಿದ್ದ ಎರ್ಮೆಕ್ ಎತ್ತಿಕೊಟ್ಟಿದ್ದ. ಅದನ್ನು ಇನ್ನೊಬ್ಬ ಹುಡುಗನಿಗೆ ಕೊಟ್ಟು ಲೆಕ್ಕ ಬರೆಸಲು ಅವಳು ಕೈ ಚಾಚಿದ್ದಳು, ಅಷ್ಟೇ.

"ಬೇರೆ ತಗೊಳ್ಳಿ, ಎಜೆ," ಅಂದ ಮಿರ್ಲಾನ್. ಅಲ್ಲಿ ಟೀಚರನ್ನು ಎಲ್ಲರೂ ಎಜೆ, ಅಂದರೆ ಅಕ್ಕ, ಎಂದೇ ಕರೆಯುವುದು. ಅವನು ಹುಡುಗರಿಗೆ ಮರಗೆಲಸ ಕಲಿಸುವವನು. ಅಂದು ತರಗತಿ ಕಾಯುವ ಸರದಿ ಅವನದು.

"ಇದಕ್ಕೇನಾಗಿತ್ತು?"

"ನಿಮಗೆ ಗೊತ್ತಾಗಲ್ಲ."

ಎಂಥ ಸೊಕ್ಕು ಈ ಮನುಷ್ಯನಿಗೆ... ಬುರುಲ್‌ಗೆ ಮೈಯೆಲ್ಲ ಉರಿಯಿತು.

ಆ ಸಿಟ್ಟು ನೆಟ್ಟಗೆ ಒಂದು ವಾರವೂ ಬಾಳಲಿಲ್ಲ ಬಿಡಿ. ಅಲುಗಾಡುತ್ತಿದ್ದ ಅವಳ ಮೇಜನ್ನು ಯಾರೋ ಸದ್ದಿಲ್ಲದೆ ರಿಪೇರಿ ಮಾಡಿದ್ದರು. ಸಂಜೆ ಅವಳ ಊರು ಬಿಷ್ಕೆಕ್‌ಗೆ ಹೋಗುವ ಮಿನಿ ಬಸ್ ಬರುವವರೆಗೆ ಮಿರ್ಲಾನ್ ಅವಳ ಜೊತೆ ರಸ್ತೆಯಲ್ಲಿ ನಿಲ್ಲುತ್ತಿದ್ದ. ನಾಯಿಗಳ ಕಾಟ ಎನ್ನುವುದು ನೆಪ. ಫ್ಲಾಸ್ಕಿನಿಂದ ತಾನೊಬ್ಬನೇ ಚಹಾ ಕುಡಿಯುತ್ತಿದ್ದ, ಅವಳಿಗೆ ಒಮ್ಮೆಯೂ ಕೊಡಲಿಲ್ಲ.

"ನಮ್ಮಲ್ಲಿ ಶತ್ರು ಬಂದ್ರೂ ಚಹಾ ಕೊಡ್ತಾರೆ. ನೀವು ಮಹಾ ಜಿಪುಣರು," ಎಂದು ಅವಳು ಕೆಣಕಿದರೆ, "ಹೌದು," ಎಂದು ಮುಚ್ಚಳ ಬಿಗಿ ಮಾಡುತ್ತಿದ್ದ.

ಆದರೂ ಬಸ್ಸು ಹೊರಟ ಮೇಲೆ ಅವಳು ತಿರುಗಿ ತಿರುಗಿ ನೋಡುತ್ತಿದ್ದಳು. ಪ್ರೀತಿ ಹೇಳಿ ಕೇಳಿ ಬರುತ್ತದೆಯೇ?

ಅವಳನ್ನು ಕೊರೆಯುತ್ತಿದ್ದದ್ದು ಎರ್ಮೆಕ್‌ನ ಚಿಂತೆಯೊಂದೇ. ಅವನ ಲೋಟ ಬೇರೆ, ತಟ್ಟೆ ಬೇರೆ. ಅವನ ಕೈಯಿಂದ ಯಾವ ಹುಡುಗನೂ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಒಳ್ಳೆಯ ಮನಸ್ಸಿಗೆ ಅವಸರ ಜಾಸ್ತಿ. ಬುರುಲ್ ಒಂದು ದಿನ ಬುಟ್ಟಿ ತುಂಬ ಏಪ್ರಿಕಾಟ್ ಹಣ್ಣು ತಂದು ಎರ್ಮೆಕ್ ಕೈಗೆ ಕೊಟ್ಟಳು.

"ಎಲ್ಲರಿಗೂ ಹಂಚು."

ಬಾಗಿಲಲ್ಲಿದ್ದ ಮಿರ್ಲಾನ್ ಧಾವಿಸಿ ಬಂದ. "ಬೇಡ ಎಜೆ. ಅವನ ಕೈಲಿ ಬೇಡ."

"ಇಷ್ಟು ಕಲ್ಲು ಮನಸ್ಸಿನವರು ಅಂದ್ಕೊಂಡಿರಲಿಲ್ಲ. ಹುಡುಗರಿಗೆ ಈ ಹೊಲಸು ಕಲಿಸಿದ್ದೇ ನೀವಿರಬೇಕು."

ಅವನ ಮುಖ ಬಿಳಿಚಿಕೊಂಡಿತು. ಮತ್ತೆ ಬಾಗಿಲಿಗೆ ಸರಿದ.

ಯಾರೂ ಹಣ್ಣು ಮುಟ್ಟಲಿಲ್ಲ. ಹಿಂದಿನ ದಿನವಷ್ಟೇ ಬಂದಿದ್ದ ಬೆಕ್‌ಜಾನ್‌ಗೆ ಒಳಗಿನ ಕಟ್ಟಳೆ ತಿಳಿದಿರಲಿಲ್ಲ. ಎರಡು ತೆಗೆದುಕೊಂಡು ತಿಂದ. "ಸಿಹಿ ಇದೆ ಎಜೆ," ಅಂದ. ಬುರುಲ್ ಗೆದ್ದವಳಂತೆ ಮಿರ್ಲಾನ್ ಕಡೆ ನೋಡಿದಳು.

ಮರುದಿನ ಬೆಕ್‌ಜಾನ್ ಕೊನೆಯ ಬೆಂಚಿನಲ್ಲಿದ್ದ. ತುಟಿ ಒಡೆದಿತ್ತು.

"ಹತ್ರ ಬರಬೇಡಿ ಎಜೆ. ಇನ್ನು ನನಗೇನೂ ಕೊಡಬೇಡಿ."

ಅವಳು ಮರಗೆಲಸದ ಶೆಡ್ಡಿಗೆ ಓಡಿದಳು. "ಏನ್ ಮಾಡಿದ್ರು ಆ ಮಗೂಗೆ?"

"ಕೊನೆ ಬೆಂಚಿನವನ ಕೈಯಿಂದ ತಗೊಂಡವನೂ ಕೊನೆ ಬೆಂಚಿನವನೇ. ಬಿಡುಗಡೆ ಆಗೋವರೆಗೆ. ಕೆಲವರಿಗೆ ಆಮೇಲೂ..."

"ಮೊದಲೇ ಯಾಕೆ ಹೇಳಲಿಲ್ಲ?"

ಮಿರ್ಲಾನ್ ಉಳಿ ಕೆಳಗಿಟ್ಟ. "ಹೇಳಿದ್ರೆ, ನಿಮಗೆ ಹೇಗೆ ಗೊತ್ತು ಅಂತಿದ್ರಿ. ಆ ಬೆಂಚಲ್ಲಿ ನಾನೂ ಕೂತವನೇ, ಇದೇ ಜೈಲಲ್ಲಿ. ಈಗಿನ ಹುಡುಗರಿಗೆ ಗೊತ್ತಿಲ್ಲ. ಗೊತ್ತಾದ್ರೆ ಒಬ್ಬನೂ ನನ್ನ ಕೈಯಿಂದ ಉಳಿ ತಗೊಳ್ಳಲ್ಲ. ನಿಮಗೆ ಚಹಾ ಕೊಡಬೇಕು ಅಂತ ದಿನಾ ಅನ್ಸೋದು... ಕೈ ಬರ್ತಿರಲಿಲ್ಲ."

ಅಯ್ಯೋ, ಯಾರಿಗೆ ಏನೆಂದುಬಿಟ್ಟೆ... ಬುರುಲ್ ಅತ್ತಳು. ಅವಳು ಅತ್ತರೆ ಬೆಕ್‌ಜಾನ್‌ನ ತುಟಿ ಕೂಡಿಕೊಳ್ಳುತ್ತದೆಯೇ?

"ಆಗ ನಿಮ್ಮ ಪಕ್ಕ ಯಾರಾದ್ರೂ ಕೂತಿದ್ರಾ?"

"ಯಾರೂ ಇಲ್ಲ," ಅಂದ. ಆ ಮಾತು ಅವನನ್ನೇ ತಟ್ಟಿದಂತಿತ್ತು.

ಮಾರನೆಯ ದಿನ ಪಾಠದ ನಡುವೆ ಮಿರ್ಲಾನ್ ಒಳಗೆ ಬಂದ. ನೇರ ಹಿಂದಕ್ಕೆ ಹೋಗಿ ಆ ಇಬ್ಬರ ಜೊತೆ ಕೂತ. ಎರ್ಮೆಕ್ ಕೈಯಲ್ಲಿದ್ದ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡ.

"ಇದು ನನ್ನ ಹಳೇ ಜಾಗ ಕಣ್ರೋ," ಅಂದ ಎಲ್ಲರಿಗೂ ಕೇಳುವಂತೆ.

"ಮುಗೀತು ಬಾಯ್ಕೆ ಕಥೆ," ಎಂದು, ಅವನನ್ನು ಬಾಯ್ಕೆ, ಅಂದರೆ ಅಣ್ಣ, ಎನ್ನುತ್ತಿದ್ದವರಲ್ಲೇ ಯಾರೋ ನಕ್ಕರು. ಒಬ್ಬ ಉಗುಳಿದ. ಬೇಸಿಗೆ ತರಗತಿಗೆ ಬರಲೇಬೇಕೆಂದೇನಿರಲಿಲ್ಲ. ಒಬ್ಬೊಬ್ಬರಾಗಿ ಎದ್ದು ಹೋದರು. ಬೆಕ್‌ಜಾನ್ ಡೆಸ್ಕಿಗೆ ತಲೆಯಿಟ್ಟು ಬಿಕ್ಕಿದ. ಅವನಿಗೆ ಬೇಕಿದ್ದದ್ದು ಹೋದವರ ಗೆಳೆತನ, ಇವರ ತ್ಯಾಗವಲ್ಲ. ಎರ್ಮೆಕ್ ಮಾತ್ರ ಉಳಿದ ರೊಟ್ಟಿಯನ್ನು ಮಿರ್ಲಾನ್ ಕಡೆ ತಳ್ಳಿದ.

ಬುರುಲ್ ಬೆಂಚಿನ ಬಳಿ ಬಂದು ನಿಂತಳು.

"ನಾಳೆಯಿಂದ ಯಾರೂ ಬರಲ್ಲ," ಅಂದ ಮಿರ್ಲಾನ್. "ನಿಮ್ಮ ಪಾಠಕ್ಕೂ ಅಷ್ಟೆ, ನನ್ನ ಕೆಲಸಕ್ಕೂ ಅಷ್ಟೆ."

"ಇಬ್ಬರು ಬರ್ತಾರಲ್ಲ."

"ನನ್ನ ಕೈ ಹಿಡಿದ್ರೆ ಈ ಸುದ್ದಿ ಬಿಷ್ಕೆಕ್‌ವರೆಗೂ ಹೋಗತ್ತೆ. ನಿಮ್ಮ ಮನೆಯವರೂ ನಿಮ್ಮ ಕೈ ಚಹಾ ಕುಡೀತಾರೋ ಇಲ್ವೋ."

"ಮದುವೆ ಆಗ್ತೀಯಾ ಅಂತ ಕೇಳ್ತಿದ್ದೀರೋ, ಹೆದರಿಸ್ತಿದ್ದೀರೋ?"

"ಎರಡೂ."

"ಹಾಗಾದ್ರೆ ಸ್ವಲ್ಪ ಸರ್ಕೊಳ್ಳಿ," ಅಂದಳು ಬುರುಲ್, "ಬೆಂಚು ಸಣ್ಣದು."